ನೀಲಿ ಮಷೀನಿಗೆ ಕೆಂಪು ಅಚ್ಚು

ಹೋದ ವಾರ ನಮ್ಮ ಮನೆಯ ಕುಕ್ಕರು ಸೀಟಿ ಹೊಡೆಯುವುದನ್ನು ನಿಲ್ಲಿಸಿತು. ಬೇಳೆ ಬೇಯುವ ಲಕ್ಷಣವೇ ಇಲ್ಲ. ಮುಚ್ಚಳದ ಸುತ್ತ ಅಲ್ಲಲ್ಲಿ ಉಸಿರು ಬಿಡುತ್ತ, ಮುನಿಸಿಕೊಂಡ ಅತಿಥಿಯ ಹಾಗೆ ಒಲೆಯ ಮೇಲೆ ಕೂತಿತ್ತು. ರಬ್ಬರು ಸಡಿಲಾಗಿದೆ ಎಂದು ಗೊತ್ತಾಗಿ, ಈಗ ನಾವಿರುವ ಚಿದ್ರಿಯಿಂದ ಆಟೋ ಹತ್ತಿ ಬೀದರಿನ ಪೇಟೆಗೆ ಹೋದೆ. ಅಂಗಡಿಯ ಹುಡುಗ ಕುಕ್ಕರು ಯಾವ ಕಂಪನಿಯದು ಎಂದು ಕೇಳಿದ. ತಿಕ್ಕಿ ತಿಕ್ಕಿ ಹೆಸರು ಅಳಿಸಿಹೋಗಿದೆಯಪ್ಪ, ಯಾವುದಾದರೂ ಒಂದು ಕೊಡು, ಒತ್ತಿ ಕೂರಿಸಿಕೊಳ್ಳುತ್ತೇನೆ ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ.

"ಬ್ಯಾರೆ ಕಂಪನಿದು ಕೂಡಲ್ಲರಿ ಆಯಿ. ಕೂಡ್ತು ಅನಸ್ತದ, ಖರೆ ಕೂಡಲ್ಲ."

ನನಗೆ ನಗು ಬಂತು. ಬೇರೆ ಬೇರೆ ಕಂಪನಿಯದನ್ನು ಕೂಡಿಸುವ ವಿಷಯದಲ್ಲಿ ಈ ಹುಡುಗ ನನಗೆ ಪಾಠ ಹೇಳುವುದೇ? ಮೂರು ಕಂಪನಿಯ ಸಾಮಾನು ಒಂದೇ ಮೈಗೆ ಹಾಕಿಕೊಂಡಿದ್ದ ಮಷೀನಿನ ಜೊತೆ ಸಂಸಾರ ಮಾಡಿದವಳು ನಾನು. ಅದು ಅಡುಗೆಮನೆಯ ಮಷೀನಲ್ಲ, ಬಂದೂಕಿನ ಕಾಡತೂಸು ತುಂಬುವ ಮಷೀನು. ಹೀಗೆಂದರೆ ಈಗಿನವರು ಗಾಬರಿಯಾಗುತ್ತಾರೆ. ಅದಕ್ಕೇ ಅಂಗಡಿಯಲ್ಲಿ ಏನೂ ಹೇಳದೆ ಬಂದೆ. ನಿಮಗೆ ಹೇಳುತ್ತೇನೆ, ನೀವು ಗಾಬರಿಯಾಗುವ ಪೈಕಿ ಅಲ್ಲ.

ನನ್ನ ತವರು ಭಾಲ್ಕಿ ತಾಲೂಕಿನ ಮೆಹಕರ. ಮಹಾರಾಷ್ಟ್ರದ ಗಡಿ ಅಲ್ಲೇ ಹೊಲದಾಚೆ. ನಮ್ಮ ಮನೆಯಲ್ಲಿ ಒಂದಕ್ಕೊಂದು ಹೊಂದುವ ವಸ್ತು ಒಂದೂ ಇರಲಿಲ್ಲ. ಹಿತ್ತಾಳೆ ಬಿಂದಿಗೆಗೆ ಅಲ್ಯುಮಿನಿಯಂ ಮುಚ್ಚಳ, ಬೀಸುವ ಕಲ್ಲಿನ ಮೇಲಿನ ಹೋಳು ಅಜ್ಜಿಯ ಕಾಲದ್ದು, ಕೆಳಗಿನದು ಸಂತೆಯಲ್ಲಿ ಕೊಂಡದ್ದು. ಮಾತು ಕೂಡ ಹಾಗೆಯೇ. ಕನ್ನಡದಲ್ಲಿ ಶುರುವಾದ ಜಗಳ ಮರಾಠಿಯಲ್ಲಿ ಮುಗಿಯುತ್ತಿತ್ತು. ಹೀಗೆ ಬೆಳೆದ ನಾನು ಮದುವೆಯಾಗಿ ಔರಾದ ತಾಲೂಕಿನ ಸಂತಪುರಕ್ಕೆ ಬಂದೆ. ಬಂದ ಮನೆಯಲ್ಲಿ ಎಲ್ಲವೂ ಜೋಡಿ ಜೋಡಿ. ಚಪ್ಪಲಿಗಳು ಸಾಲಾಗಿ, ತಂಬಿಗೆಗಳು ಸಾಲಾಗಿ, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊಗಳು ಒಂದೇ ಎತ್ತರಕ್ಕೆ. ಮಾವ ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಅವರ ಮನೆಯಲ್ಲಿ ಉಪ್ಪಿನಕಾಯಿ ಭರಣಿ ಸಹ ಎದೆಯುಬ್ಬಿಸಿ ನಿಂತಂತೆ ಕಾಣುತ್ತಿತ್ತು.

ಮಾವನವರ ಹತ್ತಿರ ಪರವಾನಗಿ ಇದ್ದ ಒಂದು ಜೋಡಿನಳಿಗೆ ಬಂದೂಕು ಇತ್ತು. ಹೊಲ ಕಾಯುವುದಕ್ಕೆಂದು ಸರಕಾರ ಕೊಟ್ಟ ಪರವಾನಗಿ. ನಮ್ಮ ಕಡೆ ಕಾಡುಹಂದಿಗಳ ಕಾಟ ಹೇಳತೀರದು. ಒಂದು ಹಿಂಡು ಜೋಳದ ಹೊಲಕ್ಕೆ ನುಗ್ಗಿದರೆ ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಆದರೆ ಮಾವ ಪಂಚಶೀಲ ತೆಗೆದುಕೊಂಡವರು. ಜೀವ ತೆಗೆಯಬಾರದು ಎಂದು ಮನಸ್ಸಿಗೆ ಕಟ್ಟುಹಾಕಿಕೊಂಡಿದ್ದರು. ಸೈನ್ಯದಲ್ಲಿ ಹೇಗೆ ನಿಭಾಯಿಸಿದರೋ ನಾನು ಕೇಳಿಲ್ಲ. ಹಾಗಾಗಿ ನಮ್ಮ ಕಾಡತೂಸುಗಳಲ್ಲಿ ಛರ್ರಿ, ಅಂದರೆ ಸೀಸದ ಸಣ್ಣ ಗುಂಡುಗಳು, ಇರುತ್ತಿರಲಿಲ್ಲ. ಮದ್ದು, ಅದರ ಮೇಲೆ ರಟ್ಟಿನ ಬಿಲ್ಲೆಗಳು, ಅಷ್ಟೇ. ಬರೀ ಸಪ್ಪಳ. ಹಂದಿಗೆ ಅಷ್ಟು ಸಾಕು, ಊರಿಗೂ ಅಷ್ಟು ಸಾಕು. ಮಾವ ಒಂದು ಹಾರಿಸಿದರೆ ಸುತ್ತಲಿನ ಹೊಲಗಳವರೆಲ್ಲ ಆ ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಿದ್ದರು.

ಹಾರಿಸಿದ ಕಾಡತೂಸಿನ ಖಾಲಿ ಕೊಳವೆಗಳನ್ನು ಒಗೆಯುತ್ತಿರಲಿಲ್ಲ. ಕೂಡಿಟ್ಟು, ಬೇಸಿಗೆಯಲ್ಲಿ ಒಂದು ದಿನ ಮನೆಯವರೆಲ್ಲ ಕೂತು ಮತ್ತೆ ತುಂಬುತ್ತಿದ್ದೆವು. ಶ್ಯಾವಿಗೆ ಹೊಸೆಯುವ, ಹಪ್ಪಳ ಒತ್ತುವ ಕೆಲಸಗಳ ನಡುವೆ ಇದೂ ಒಂದು. ನನಗೆ ಇದೆಲ್ಲ ಹೇಗೆ ಗೊತ್ತಿರಬೇಕು? ಮೊದಲ ಬೇಸಿಗೆ. ನಾಳೆ ತುಂಬುವುದಿದೆ ಎಂದು ಅತ್ತೆ ಹೇಳಿದರು. ಕರ್ಚಿಕಾಯಿ ತುಂಬುವುದಿರಬೇಕೆಂದು ನಾನು ಬೆಳಿಗ್ಗೆ ಎದ್ದು, ಹೊಸ ಸೊಸೆಯ ಚುರುಕು ತೋರಿಸೋಣ ಎಂದು, ಕೈಗೆ ತುಪ್ಪ ಸವರಿಕೊಂಡು ಪಡಸಾಲೆಗೆ ಬಂದೆ. ಪಡಸಾಲೆಯಲ್ಲಿ ಮಾವ ಬಂದೂಕಿನ ಮದ್ದಿನ ಡಬ್ಬಿ ಬಿಚ್ಚುತ್ತಿದ್ದರು. ಅತ್ತೆ ನನ್ನ ಕೈ ನೋಡಿ ಬಾಗಿಲಲ್ಲೇ ತಡೆದರು. ಸಾಬೂನು ಹಚ್ಚಿ ತೊಳೆದು, ಬಿಸಿಲಿಗೆ ಹಿಡಿದು, ಒಣ ಬಟ್ಟೆಯಲ್ಲಿ ಒರೆಸಿಕೊಂಡು ಬಂದ ಮೇಲೆಯೇ ಒಳಗೆ ಬಿಟ್ಟದ್ದು. ಈ ಕಥೆ ಮುಂದೆ ಎಷ್ಟೋ ವರ್ಷ ನೆಂಟರಿಗೆಲ್ಲ ಚಹದ ಜೊತೆ ಬಡಿಸಲಾಯಿತು.

ತುಂಬುವ ದಿನ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಮದ್ದು ಬಿಚ್ಚಿದ ಮನೆಯಲ್ಲಿ ಕಿಡಿ ಇರಬಾರದು ಎಂಬುದು ಮಾವನ ಕಟ್ಟಪ್ಪಣೆ. ಬೀಡಿ ಸೇದುವವರು ಅಂದು ನಮ್ಮ ಬೀದಿಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದರು. ಹಿಂದಿನ ದಿನ ಬಡಿದಿಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಹೆಂಗಸರಿಗೆ ವರ್ಷದಲ್ಲಿ ಒಲೆಯ ಮುಂದೆ ಕೂರದ ದಿನ ಅದೊಂದೇ. ಹಬ್ಬದ ದಿನವೂ ನಮಗೆ ಹೊಗೆ ತಪ್ಪಿದ್ದಲ್ಲ, ಬದಲಾಗಿ ಹೆಚ್ಚು. ಹಾಗಾಗಿ ನನಗೆ ಇಂದಿಗೂ ಮದ್ದಿನ ಹೆಸರು ಕೇಳಿದರೆ ಯುದ್ಧ ನೆನಪಾಗುವುದಿಲ್ಲ, ಮೊಸರು ರೊಟ್ಟಿ ನೆನಪಾಗುತ್ತದೆ. ಬಾಯಲ್ಲಿ ನೀರು ಬರುತ್ತದೆ.

ಪಡಸಾಲೆಯಲ್ಲಿ ಎರಡು ಕಲ್ಲಿನ ಮೇಲೆ ಒಂದು ಉದ್ದನೆಯ ಹಲಗೆ ಇಟ್ಟು ಅದರ ಮುಂದೆ ಸಾಲಾಗಿ ಕೂರುತ್ತಿದ್ದೆವು. ಮೊದಲು ಮಾವ. ಹಳೆಯ ಟೋಪಿ ಕಿತ್ತು ಹೊಸ ಟೋಪಿ ಕೂರಿಸುವುದು ಅವರ ಕೆಲಸ. ಟೋಪಿ ಎಂದರೆ ಬಂದೂಕಿನ ಕುದುರೆ ಬಡಿದಾಗ ಸಿಡಿಯುವ ಆ ಚಿಕ್ಕ ಬಟ್ಟಲು. ಅದನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಆಮೇಲೆ ಅತ್ತೆ, ಅಳತೆಯ ಚಮಚದಿಂದ ಮದ್ದು ಸುರಿಯುವುದಕ್ಕೆ. ಆಮೇಲೆ ನಾನು, ಬಿಲ್ಲೆ ತುರುಕುವುದಕ್ಕೆ. ಕೊನೆಯಲ್ಲಿ ಸುಜಾತಕ್ಕ. ನನ್ನ ವಾರಗಿತ್ತಿ, ಹಿರಿಯ ಭಾವನ ಹೆಂಡತಿ. ಬಾಯಿ ಮುಚ್ಚುವುದು ಅವಳ ಪಾಲು. ಹಲಗೆಯ ಅಂಚಿಗೆ ತಿರುಪು ಹಾಕಿ ಬಿಗಿದ ಒಂದು ಸಣ್ಣ ಕೈಮಷೀನಿತ್ತು. ಅದರ ಹಿಡಿಕೆ ತಿರುವಿದರೆ ಕೊಳವೆಯ ತುದಿ ಒಳಕ್ಕೆ ಸುರುಳಿಯಾಗಿ ಮಡಚಿಕೊಳ್ಳುತ್ತಿತ್ತು. ನೋಡುವುದಕ್ಕೆ ಸುಲಭ. ಮಾಡಿದರೆ ಒಂದೋ ತುದಿ ಹರಿಯುತ್ತಿತ್ತು, ಇಲ್ಲವೇ ಸಡಿಲ ಉಳಿಯುತ್ತಿತ್ತು. ಛರ್ರಿಯಿಲ್ಲದ ಕಾಡತೂಸಿನ ಬಾಯಿ ಸಡಿಲವಾದರೆ ಮುಗಿಯಿತು. ಢಂ ಎನ್ನಬೇಕಾದದ್ದು ಫುಸ್ ಎನ್ನುತ್ತದೆ.

ಸುಜಾತಕ್ಕ ಮುಚ್ಚಿದ್ದು ಒಂದೂ ಫುಸ್ ಎಂದದ್ದಿಲ್ಲ. ಹಿಡಿಕೆ ತಿರುವುತ್ತಲೇ ಮಾತಾಡುವಳು, ಮಾತಾಡುತ್ತಲೇ ನಗುವಳು. ಊರಿನ ಯಾವ ಮನೆಯಲ್ಲಿ ಯಾವ ಸೊಸೆ ಯಾವ ಮಾತಿಗೆ ಮುನಿದಳು ಎಂಬುದೆಲ್ಲ ನನಗೆ ಗೊತ್ತಾದದ್ದು ಆ ಹಲಗೆಯ ಮುಂದೆ. ಮಾವ ಇದ್ದಾರೆಂದು ದನಿ ತಗ್ಗಿಸಿ ಶುರುಮಾಡುವಳು, ಕಥೆಯ ನಡುವೆ ಮಾವನೇ, ಆಮೇಲೇನಾಯಿತು ಎಂದು ಕೇಳುತ್ತಿದ್ದರು. ತವರಿನಿಂದ ಬಂದ ಹೊಸದರಲ್ಲಿ ನಾನು ಸಂಜೆಯಾದರೆ ಗೋಡೆಗೆ ಮುಖಮಾಡಿ ಅಳುತ್ತಿದ್ದೆ. ಯಾಕೆ ಅಳುತ್ತೀ ಎಂದು ಕೇಳದೆ, ಪಕ್ಕದಲ್ಲಿ ಕೂತು ನನ್ನ ತಲೆ ಬಾಚಲು ಶುರುಮಾಡಿದವಳು ಅವಳೊಬ್ಬಳೇ. ನನ್ನ ಗಂಡ ಒಳ್ಳೆಯವರೇ, ಆದರೆ ಅವರು ಬಸ್ ಕಂಡಕ್ಟರು. ವಾರಕ್ಕೆ ಒಂದೆರಡು ಸಲ ಮನೆಗೆ ಬರುವ ನೆಂಟರ ಹಾಗೆ. ನನ್ನ ನಿಜವಾದ ಸಂಸಾರ ನಡೆದದ್ದು ಸುಜಾತಕ್ಕನ ಜೊತೆ ಎಂದರೆ ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಮೇಲೆ ಮಳೆ ಹೋಯಿತು. ಒಂದು ವರ್ಷ ಹೋಯಿತು, ಬರುವ ವರ್ಷ ಬಂದೀತು ಎಂದರು. ಮುಂದಿನ ವರ್ಷವೂ ಮೋಡಗಳು ಬಂದು ನೋಡಿಕೊಂಡು ಹೋದವು. ಊರಿನ ಬಾವಿಗಳು ಒಂದೊಂದೇ ತಳ ತೋರಿಸಿದವು. ಕೆಲಸವಿಲ್ಲದೆ ಜನ ಗುಂಪು ಗುಂಪಾಗಿ ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ಹೊರಟರು. ಬೆಳಿಗ್ಗೆ ಎದ್ದರೆ ಯಾವುದೋ ಮನೆಯ ಬಾಗಿಲಿಗೆ ಮುಳ್ಳುಕಂಟಿ ಇಟ್ಟಿರುತ್ತಿತ್ತು. ಹೋದವರು ಅದನ್ನು ಇಟ್ಟು ಹೋಗುತ್ತಿದ್ದರು. ನಮ್ಮ ಭಾವನೂ ಪುಣೆಯಲ್ಲಿ ಕಟ್ಟಡದ ಕೆಲಸವಿದೆ ಎಂದು ಕೇಳಿ ಹೊರಟರು. ಸುಜಾತಕ್ಕ ಚಿಕ್ಕ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಉದಗೀರಿನ ಬಸ್ಸು ಹತ್ತಿದಳು. ಮಳೆ ಬಿದ್ದ ಕೂಡಲೇ ಬಂದುಬಿಡುತ್ತೇವೆ ಎಂದಳು. ನಾನು ನಂಬಿದೆ. ಯಾರು ನಂಬುವುದಿಲ್ಲ ಹೇಳಿ, ಬಸ್ಸಿನ ಕಿಟಕಿಯಿಂದ ಹೇಳಿದ ಮಾತನ್ನು?

ಬರ ಬಿದ್ದರೆ ಹಂದಿಯ ಕಾಟ ಕಡಿಮೆಯಾಗುತ್ತದೆ ಎಂದು ನೀವು ತಿಳಿದಿರಬಹುದು. ಉಲ್ಟಾ. ನಮ್ಮ ಬಾವಿಯಲ್ಲಿ ಇನ್ನೂ ಒಂದಿಷ್ಟು ನೀರಿತ್ತು, ಅದರ ಸುತ್ತ ಒಂದು ತುಂಡು ಜೋಳ ಹಸಿರಾಗಿತ್ತು. ನಮ್ಮದೂ ಪಕ್ಕದ ಕೆಲವರದೂ ಊಟ ಅದರಲ್ಲೇ ಇತ್ತು. ಸುತ್ತಲಿನ ಹಂದಿಗಳಿಗೆಲ್ಲ ಈ ಸುದ್ದಿ ಮುಟ್ಟಿತು. ಆ ಬೇಸಿಗೆ ನಾವು ತುಂಬಲು ಕೂತಾಗ ಹಲಗೆಯ ಕೊನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಬಿಲ್ಲೆಯನ್ನೂ ತಾವೇ ತೆಗೆದುಕೊಂಡು ನನ್ನನ್ನು ಹಿಡಿಕೆಯ ಹತ್ತಿರ ಕೂರಿಸಿದರು. ನಾನು ಮೂರ್ನಾಲ್ಕು ದಿನ ಮೊದಲೇ ಒಬ್ಬಳೇ ಕೂತು ಖಾಲಿ ಕೊಳವೆಗಳ ಮೇಲೆ ಅಭ್ಯಾಸ ಮಾಡಿದ್ದೆ. ಆಗ ಚೆನ್ನಾಗಿ ಬಂದಿತ್ತು. ತುಂಬುವ ದಿನ ಮಾತ್ರ ಒಂದೂ ಸರಿ ಬರಲಿಲ್ಲ.

ಫಲಿತಾಂಶ ಮಾವನಿಗೆ ಹೊಲದಲ್ಲಿ ಸಿಕ್ಕಿತು. ಅವರು ಬದುವಿನ ಮೇಲೆ ಸೈನಿಕನ ಹಾಗೆ ನಿಂತು, ಉಸಿರು ಬಿಗಿಹಿಡಿದು, ಕುದುರೆ ಎಳೆದರೆ, ಫುಸ್. ಹಿಂಡಿನ ಮುಂದಿದ್ದ ದೊಡ್ಡ ಹಂದಿ ತಲೆಯೆತ್ತಿ ಅವರನ್ನೊಮ್ಮೆ ನೋಡಿತಂತೆ. ನೋಡಿ, ಮತ್ತೆ ಜೋಳಕ್ಕೆ ಬಾಯಿ ಹಾಕಿತಂತೆ. ಇದನ್ನು ಮಾವ ಹೇಳಲಿಲ್ಲ, ಪಕ್ಕದ ಹೊಲದವರು ಊರೆಲ್ಲ ಹೇಳಿದರು. ಮಾವ ಮನೆಗೆ ಬಂದು ಎರಡು ದಿನ ಬಂದೂಕನ್ನು ಮುಟ್ಟಲಿಲ್ಲ. ಹೊಲದ ಒಂದು ಮೂಲೆ ನೆಲಕ್ಕೆ ಮಲಗಿತ್ತು.

ಮೂರನೆಯ ದಿನ ಎದ್ದು ಹೈದರಾಬಾದಿಗೆ ಹೋದರು. ಅವರ ಜೊತೆ ಸೈನ್ಯದಲ್ಲಿದ್ದವರೊಬ್ಬರು ಅಲ್ಲಿ ಬಂದೂಕಿನ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬರುವಾಗ ಗೋಣಿಚೀಲದಲ್ಲಿ ಕಟ್ಟಿದ ಒಂದು ಭಾರದ ವಸ್ತು ತಂದರು. ಬಿಚ್ಚಿದರೆ ನೀಲಿ ಬಣ್ಣದ ಮಷೀನು. ಯಾರೋ ಶೋಕಿಗಾರರು ವಿದೇಶದಿಂದ ತರಿಸಿ, ಬೇಸರವಾಗಿ ಬಿಟ್ಟದ್ದು. ಕೆಳಗೊಂದು ದುಂಡನೆಯ ತಟ್ಟೆ. ತಟ್ಟೆಯ ಸುತ್ತ ಕೊಳವೆ ನಿಲ್ಲಿಸುವ ಜಾಗಗಳು. ಮೇಲೆ, ಪ್ರತಿ ಜಾಗದ ನೆತ್ತಿಗೆ ಒಂದೊಂದು ಅಚ್ಚು. ಹಿಡಿಕೆ ಒಮ್ಮೆ ಎಳೆದರೆ ಎಲ್ಲ ಅಚ್ಚುಗಳೂ ಒಟ್ಟಿಗೆ ಇಳಿದು ತಮ್ಮ ತಮ್ಮ ಕೆಲಸ ಮಾಡುತ್ತವೆ. ಒಂದು ಹಳೆಯ ಟೋಪಿ ತೆಗೆಯುತ್ತದೆ, ಇನ್ನೊಂದು ಹೊಸದು ಕೂರಿಸುತ್ತದೆ, ಮತ್ತೊಂದು ಮದ್ದು ಸುರಿಯುತ್ತದೆ. ತಟ್ಟೆ ಒಂದು ಮನೆ, ಅಂದರೆ ಒಂದು ಕೊಳವೆಯ ಜಾಗದಷ್ಟು, ತಿರುಗುತ್ತದೆ, ಮತ್ತೆ ಎಳೆಯಬೇಕು. ಅಂದರೆ ನಮ್ಮ ಹಲಗೆಯ ಸಾಲನ್ನೇ ಯಾರೋ ದುಂಡಗೆ ಬಗ್ಗಿಸಿ ಕಬ್ಬಿಣದಲ್ಲಿ ಮಾಡಿದ್ದರು. ನಾಲ್ಕು ಜನರ ಕೆಲಸಕ್ಕೆ ಒಬ್ಬರ ಒಂದು ಕೈ ಸಾಕು. ನನಗೆ ಅದನ್ನು ನೋಡಿದ ಮೊದಲ ಗಳಿಗೆಗೇ ಸಿಟ್ಟು ಬಂತು.

ಆದರೆ ಮಷೀನಿನ ಎರಡು ಅಚ್ಚು ಕಳೆದುಹೋಗಿದ್ದವು. ಅಂಗಡಿಯ ಗೆಳೆಯರು ಬೇರೆ ಕಂಪನಿಗಳದ್ದನ್ನು ಹುಡುಕಿ ಕೊಟ್ಟಿದ್ದರು. ಬಿಲ್ಲೆ ಒತ್ತುವುದಕ್ಕೆ ಹಸಿರು ಡಬ್ಬಿಯ ಕಂಪನಿಯದು, ಬಾಯಿ ಮುಚ್ಚುವುದಕ್ಕೆ ಕೆಂಪು ಡಬ್ಬಿಯದು. ನಾವು ಹೆಸರು ಓದುವ ಗೋಜಿಗೆ ಹೋಗದೆ ನೀಲಿ, ಹಸಿರು, ಕೆಂಪು ಎಂದೇ ಕರೆದೆವು. ಹಸಿರು ಸಾಧುಪ್ರಾಣಿ, ಹೇಳಿದಲ್ಲಿ ಕೂತಿತು. ಕೆಂಪು ಮಾತ್ರ ತೂತಿನಲ್ಲಿ ಗಡಗಡ ಅಲ್ಲಾಡಿತು. ಮಾವ ಅದನ್ನು ಬೀದರಿನ ಒಬ್ಬ ಲೇಥ್ ಉಸ್ತಾದರ ಹತ್ತಿರ ಒಯ್ದರು. ನಾನೂ ಆ ದಿನ ಆಸ್ಪತ್ರೆಗೆಂದು ಜೊತೆಗಿದ್ದೆ. ಉಸ್ತಾದರು ಅಚ್ಚನ್ನು ಬೆರಳಲ್ಲಿ ತಿರುಗಿಸಿ ನೋಡಿ, ಸುತ್ತಲೂ ಒಂದು ಉಂಗುರ ಕಡೆದು ಹಾಕಿದರು.

"ದೇಖೋ ಹವಾಲ್ದಾರ್ ಸಾಬ್, ಚೂಡಿ ಕೂಡಸಿ ಕೊಟ್ಟೀನಿ. ಮಿಜಾಜ್ ಕೂಡಸೂದು ನನ್ನ ಕೈಲೆ ಇಲ್ಲರಿ."

ಚೂಡಿ ಎಂದರೆ ತಿರುಪಿನ ಹಲ್ಲು. ಅದು ಕೂಡಿತು. ಮಿಜಾಜು ಕೂಡಲಿಲ್ಲ. ನೀಲಿ ಕಂಪನಿಯ ಅಚ್ಚುಗಳು ಉದ್ದ, ಕೆಂಪಿನದು ಗಿಡ್ಡ. ಗಿಡ್ಡದನ್ನು ಕೆಳಗಿಳಿಸಿದರೆ ಹಿಡಿಕೆ ಅರ್ಧದಲ್ಲೇ ತಡೆಯುತ್ತದೆ, ಉಳಿದ ಅಚ್ಚುಗಳ ಕೆಲಸ ಅರೆಬರೆಯಾಗುತ್ತದೆ. ಮೇಲೆತ್ತಿದರೆ ಬಾಯಿ ಮುಚ್ಚುವುದಿಲ್ಲ. ಎಲ್ಲವೂ ಒಂದೇ ಹಿಡಿಕೆಗೆ ಕಟ್ಟಿಕೊಂಡವು, ಒಂದನ್ನು ಸಮಾಧಾನ ಮಾಡಿದರೆ ಇನ್ನೊಂದು ಮುನಿಯುತ್ತಿತ್ತು. ಮಾವ ದಿನಗಟ್ಟಲೆ ಅದರ ಮುಂದೆ ಕೂತರು. ತಟ್ಟೆಯಲ್ಲಿ ಒಂದೇ ಒಂದು ಕೊಳವೆ ಇಟ್ಟು, ಕೆಂಪಿನ ಕೆಳಗೆ ತಂದು, ಕಣ್ಣು ಕಿರಿದುಮಾಡಿ, ಅಚ್ಚನ್ನು ಒಂದಿಷ್ಟೇ ತಿರುವಿ, ಹಿಡಿಕೆ ಎಳೆದು ನೋಡುವರು. ಚೆನ್ನಾಗಿ ಮುಚ್ಚುತ್ತಿತ್ತು. ಆಯಿತು ಎಂದು ಅಚ್ಚನ್ನು ಬಿಗಿದು, ಎಲ್ಲ ಮನೆಗೂ ಕೊಳವೆ ತುಂಬಿ ಕೆಲಸ ಶುರುಮಾಡಿದರೆ, ಹೊರಬಂದವೆಲ್ಲ ಸಡಿಲ. ಮತ್ತೆ ಒಂದನ್ನೇ ಇಟ್ಟು ನೋಡಿದರೆ ಗಟ್ಟಿ. ಯಾರೋ ಆಟವಾಡಿಸಿದ ಹಾಗೆ.

ಅತ್ತೆ ಆ ಮಷೀನಿನ ಹತ್ತಿರ ಬರಲೇ ಇಲ್ಲ. ಅದನ್ನು ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಕಿಸಿ, ಪಡಸಾಲೆಯಲ್ಲಿ ಹಲಗೆಯನ್ನು ಗೋಡೆಗೆ ಆನಿಸಿಟ್ಟರು. ತೆಗೆಯಲು ಬಿಡಲಿಲ್ಲ. ಒಂದು ಸಂಜೆ ಮಾವ ರೇಗಿ, ತಿರುಪು ಬಿಗಿಯಲು ಕೈಯಲ್ಲಿ ಹಿಡಿದಿದ್ದ ಪಾನಾ ಕೆಳಗಿಟ್ಟು ಎದ್ದುಬಂದರು.

"ಜ್ವಾಳ ತೆನಿ ಬಿಡೂದ್ರಾಗ ಇದು ಬಾಯಿ ಮುಚ್ಚಲಿಲ್ಲಂದ್ರ, ನಾನೇ ಪುಣೆಕ ಹೋಗ್ತೇನಿ. ಸುಜಾತಾಗ ಕರ್ಕೊಂಡೇ ಬರ್ತೇನಿ."

ಮಾವ ಹೇಳಿದರೆ ಹೇಳಿದ ಹಾಗೆ. ಭಾವನೂ ಅವರ ಮಾತು ಮೀರುವವರಲ್ಲ. ಅಂದಿನಿಂದ ನನ್ನ ಜೀವವೆಲ್ಲ ಆ ಕೆಂಪು ಅಚ್ಚಿನಲ್ಲಿತ್ತು. ಮಾವ ಹಿಡಿಕೆ ಎಳೆಯುವಾಗ ನಾನು ಕೊಟ್ಟಿಗೆಯ ಕಸ ಗುಡಿಸುತ್ತ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತ ಅಲ್ಲೇ ಸುಳಿದಾಡುತ್ತಿದ್ದೆ. ಸಡಿಲ ಬಂತು ಎಂದು ಅವರು ಗೊಣಗಿದರೆ ನನಗೆ ಒಳಗೊಳಗೇ ಹಬ್ಬ. ಸುಜಾತಕ್ಕ ಬರುತ್ತಾಳೆ, ಹಲಗೆ ಮತ್ತೆ ಕಲ್ಲಿನ ಮೇಲೆ ಏರುತ್ತದೆ, ಒಲೆ ಹಚ್ಚದ ದಿನ ಮೊಸರು ರೊಟ್ಟಿ ತಿನ್ನುತ್ತ ಅವಳು ಪುಣೆಯ ಸೊಸೆಯಂದಿರ ಕಥೆ ಹೇಳುತ್ತಾಳೆ. ಅವಳ ಟ್ರಂಕು ಇಡುವ ಜಾಗವನ್ನು ಕೂಡ ನಾನು ಒರೆಸಿಟ್ಟಿದ್ದೆ. ಆ ವರ್ಷ ಮಳೆಯೂ ಸ್ವಲ್ಪ ಕಣ್ಣುಬಿಟ್ಟಿತ್ತು, ಜೋಳ ಮೊಣಕಾಲು ಮುಟ್ಟಿತ್ತು. ಇನ್ನೇನು ತೆನೆ ಬರಬೇಕು, ಮಾವ ಹೊರಡಬೇಕು.

ಮಾವ ಹೊರಡುವ ಮೊದಲೇ ಸುಜಾತಕ್ಕ ತಾನಾಗಿಯೇ ಬಂದಳು. ಔರಾದದಲ್ಲಿ ಅವಳ ಚಿಕ್ಕಪ್ಪನ ಮಗಳ ಮದುವೆಯಿತ್ತು. ಮಗಳನ್ನೂ ಭಾವನನ್ನೂ ಪುಣೆಯಲ್ಲೇ ಬಿಟ್ಟು ಒಬ್ಬಳೇ ಬಂದಿದ್ದಳು. ಮದುವೆ ಮುಗಿಸಿ ಸಂತಪುರಕ್ಕೆ ಬಂದಾಗ ನಾನು ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡೆ. ಮೈ ಸ್ವಲ್ಪ ತುಂಬಿಕೊಂಡಿತ್ತು. ತಲೆಗೆ ಹಾಕುವ ಎಣ್ಣೆಯ ವಾಸನೆ ಬದಲಾಗಿತ್ತು. ಟ್ರಂಕು ಇರಲಿಲ್ಲ, ಭುಜಕ್ಕೆ ಒಂದು ಕೈಚೀಲ ಮಾತ್ರ. ಅದನ್ನು ನೋಡಿಯೂ ನಾನು ನೋಡದವಳ ಹಾಗೆ ಇದ್ದೆ.

ಊಟವಾದ ಮೇಲೆ ಮಾವ ಮಷೀನಿನ ದೂರು ಹೇಳಿಕೊಂಡರು. ಅವರಿಗೆ ಅದನ್ನು ಕೇಳುವವರು ಬೇಕಾಗಿತ್ತು. ಸುಜಾತಕ್ಕ ಕೈ ತೊಳೆದು, ಒರೆಸಿಕೊಂಡು, ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಗಿ ಆ ನೀಲಿ ಮಷೀನಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ನಾನು ಹಿಂದೆ ನಿಂತೆ. ಅತ್ತೆ ಕೂಡ ಅವತ್ತು ಬಾಗಿಲವರೆಗೆ ಬಂದರು. ಮಾವ ಎಂದಿನಂತೆ ಒಂದು ಕೊಳವೆ ಇಟ್ಟು ಮುಚ್ಚಿ ತೋರಿಸಿದರು, ಗಟ್ಟಿ. ಎಲ್ಲವನ್ನೂ ತುಂಬಿ ಮುಚ್ಚಿ ತೋರಿಸಿದರು, ಸಡಿಲ. ಅವಳು ಹಿಡಿಕೆಯನ್ನು ನೋಡಲಿಲ್ಲ, ಕೆಳಗಿನ ತಟ್ಟೆಯನ್ನು ನೋಡುತ್ತಿದ್ದಳು. ಇನ್ನೊಮ್ಮೆ ಎಳೆಯಿರಿ ಎಂದಳು. ಮತ್ತೊಮ್ಮೆ ಎಂದಳು. ಆಮೇಲೆ ಮಾವನ ಕಡೆ ತಿರುಗಿದಳು.

"ನೀವು ಒಂದನ್ನೇ ಕೂಡಿಸಿ ನೋಡ್ಲತ್ತೀರಿ ಮಾವ. ಎಲ್ಲಾ ಕೂತಾಗ ನೋಡ್ಬೇಕರಿ. ನಾವು ನಾಕು ಮಂದಿ ಮೊಣಕೈ ಊರಿದ್ರ ಆ ಹಲಗಿ ಬಾಗ್ತಿತ್ತಲ್ಲ, ಅದಕ್ಕ ನಾ ಕೈ ಜರಾ ಜಾಸ್ತಿ ಒತ್ತತಿದ್ದೆ. ಈ ತಟ್ಟೀನೂ ಹಂಗೇ ಭಾರಕ್ಕ ಬಾಗ್ಲತ್ತದ."

ನನಗೆ ಆಗ ಗೊತ್ತಾಯಿತು, ಒಬ್ಬಳೇ ಕೂತು ಅಭ್ಯಾಸ ಮಾಡಿದ ದಿನ ನನ್ನ ಕೈಗೆ ಬಂದದ್ದು ಎಲ್ಲರೂ ಕೂತ ದಿನ ಯಾಕೆ ಬರಲಿಲ್ಲ ಎಂದು. ಅವಳ ಕೈಚಳಕ ಎಂದು ನಾವೆಲ್ಲ ಹೊಗಳುತ್ತಿದ್ದದ್ದು ನಮ್ಮೆಲ್ಲರ ಭಾರದ ಲೆಕ್ಕವಾಗಿತ್ತು. ಅತ್ತೆ ಎಷ್ಟು ಆನುತ್ತಾರೆ, ಮಾವ ಎಷ್ಟು, ನಾನು ಎಷ್ಟು ಎಂಬುದನ್ನು ಅವಳು ಹಿಡಿಕೆಯಲ್ಲೇ ಬಲ್ಲವಳಾಗಿದ್ದಳು. ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ, ಹೇಳಿಕೊಡು ಎಂದು ನಾವೂ ಕೇಳಿರಲಿಲ್ಲ.

ಅವಳು ಎಲ್ಲ ಮನೆಗೂ ಕೊಳವೆ ತುಂಬಿದಳು. ಹಿಡಿಕೆಯನ್ನು ಕೊನೆಯವರೆಗೆ ಎಳೆದು, ಹಾಗೇ ಹಿಡಿದಿರಿ ಎಂದು ಮಾವನಿಗೆ ಹೇಳಿ, ಆ ಭಾರ ಇರುವಾಗಲೇ ಕೆಂಪು ಅಚ್ಚನ್ನು ಬೆರಳಲ್ಲಿ ತಿರುವಿ ತಿರುವಿ ಇಳಿಸಿದಳು. ಕೊಳವೆಯ ಅಂಚಿಗೆ ಅದು ಮುಟ್ಟಿದ್ದು ಅವಳಿಗೆ ಬೆರಳಿನಲ್ಲೇ ತಿಳಿಯಿತೇನೋ, ಅಲ್ಲಿಗೆ ನಿಲ್ಲಿಸಿ, ಇನ್ನೊಂದಿಷ್ಟು ಒತ್ತಿ, ಪಾನಾದಿಂದ ಬಿಗಿದಳು. ಮಾವ ಎಳೆದರು. ತಟ್ಟೆ ತಿರುಗಿತು. ಮತ್ತೆ ಎಳೆದರು. ಬಂದದ್ದೆಲ್ಲ ಗಟ್ಟಿ, ಸುತ್ತಲೂ ಒಂದೇ ಸಮ. ಸಂಜೆ ಮಾವ ಹೊಲಕ್ಕೆ ಹೋಗಿ ಒಂದು ಹಾರಿಸಿದರು. ಮನೆಯ ತಂಬಿಗೆಗಳು ಅದುರಿದವು. ಪಕ್ಕದ ಹೊಲದವರು ಕೈಯೆತ್ತಿ ಏನೋ ಕೂಗಿದರು. ಮಾವ ಹುಡುಗನ ಹಾಗೆ ದಾಪುಗಾಲು ಹಾಕುತ್ತ ಬಂದು, ಇನ್ನು ಪುಣೆಗೆ ಹೋಗುವ ತಾಪತ್ರಯ ತಪ್ಪಿತು ಎಂದರು. ಅಂದ ಮೇಲೆ ತಮಗೇ ಅದು ಕೇಳಿಸಿತೋ ಏನೋ, ಅತ್ತೆಯ ಮುಖ ನೋಡಿ ಬಂದೂಕು ಒರೆಸಲು ಕೂತರು.

ನಾನು ಕೊಡ ತೆಗೆದುಕೊಂಡು ಬಾವಿಗೆ ಹೊರಟೆ. ಸುಜಾತಕ್ಕ ಇನ್ನೊಂದು ಕೊಡ ಹಿಡಿದು ಹಿಂದೆಯೇ ಬಂದಳು. ಬಾವಿಯ ನೀರು ತಳದಲ್ಲಿತ್ತು. ಹಗ್ಗ ಬಿಟ್ಟಷ್ಟೂ ಇಳಿಯುತ್ತಿತ್ತು. ಇಬ್ಬರೂ ಸೇರಿ ಜಗ್ಗಿದೆವು. ಅರ್ಧ ಕೊಡ ಬಂತು. ನನಗೆ ತಡೆಯಲಾಗಲಿಲ್ಲ.

"ಯಾಕ ಸರಿ ಮಾಡಿದಿ ಅಕ್ಕ?"

ಅವಳು ಕೊಡದ ನೀರನ್ನು ಸೋಸುತ್ತಿದ್ದಳು. ಸೋಸುವುದನ್ನು ನಿಲ್ಲಿಸಲಿಲ್ಲ.

"ನೀವೆಲ್ಲಾ ನನ್ನ ಹಾದಿ ಕಾಯ್ಲತ್ತೀರಿ ಅಂತ ಗೊತ್ತದ ಸುಮಿ. ಅದಕ್ಕೇ ಸರಿ ಮಾಡ್ದೆ. ಅಲ್ಲಿ ನಾ ನಳ ತಿರುವಿದ್ರ ನೀರು ಬರ್ತದ. ಹುಡುಗಿ ಸಾಲಿಗಿ ಹೋಗ್ಲತ್ತದ. ನಾ ಹೊಳ್ಳಿ ಬರಂಗಿಲ್ಲ."

ನಾನು ಕೊಡ ಸೊಂಟಕ್ಕೇರಿಸಿದೆ. ಏನು ಹೇಳಬೇಕಿತ್ತು? ಇಲ್ಲಿ ಬಾ, ನನ್ನ ಜೊತೆ ಅರ್ಧ ಕೊಡ ಜಗ್ಗು ಎನ್ನಬೇಕಿತ್ತೇ? ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ದಾರಿಯಲ್ಲಿ ಅವಳು ಪುಣೆಯ ಒಂದು ಸೊಸೆಯ ಕಥೆ ಹೇಳಿದಳು. ತಮಾಷೆಯ ಕಥೆ. ನಾನು ನಕ್ಕೆ. ಮರುದಿನ ಬೆಳಿಗ್ಗೆ ಅವಳು ಅತ್ತೆಯ ಕಾಲು ಮುಟ್ಟಿ ಹೊರಟಳು. ಈ ಸಲ ಬಸ್ಸಿನ ಕಿಟಕಿಯಿಂದ ಏನೂ ಹೇಳಲಿಲ್ಲ, ಕೈ ಹೊರಚಾಚಿ ನನ್ನ ತಲೆಯ ಮೇಲಿಟ್ಟಳು, ಬಸ್ಸು ಹೊರಟ ಮೇಲೂ ಸ್ವಲ್ಪ ದೂರ ಆ ಕೈ ಹೊರಗೇ ಇತ್ತು.

ಆಮೇಲಿನ ವರ್ಷಗಳಲ್ಲಿ ಮಳೆ ಬಂತು, ಹೋಯಿತು, ಮತ್ತೆ ಬಂತು. ಮಾವನಿಗೆ ಭುಜದ ನೋವು ಶುರುವಾಗಿ ಹಿಡಿಕೆ ಎಳೆಯುವುದು ನನ್ನ ಪಾಲಿಗೆ ಬಂತು. ಮಷೀನು ಕೊಟ್ಟಿಗೆಯ ಪಕ್ಕ ಇದ್ದದ್ದರಿಂದ ಮನೆಯಲ್ಲಿ ಒಲೆ ಆರಿಸುವ ಅಗತ್ಯವೂ ಬೀಳಲಿಲ್ಲ. ಅತ್ತೆ ಒಳಗೆ ಬಿಸಿ ರೊಟ್ಟಿ ಬಡಿಯುತ್ತಿದ್ದರು, ನಾನು ಹೊರಗೆ ಒಬ್ಬಳೇ ಕೂತು ಬೇಸಿಗೆಯ ಕಾಡತೂಸು ಮುಗಿಸುತ್ತಿದ್ದೆ. ಮೂರು ಬಣ್ಣದ ಆ ಮಷೀನಿನ ಯಾವ ಅಚ್ಚನ್ನೂ ನಾನು ಮುಟ್ಟಲಿಲ್ಲ. ಹೊರಬಂದ ಒಂದೊಂದನ್ನೂ ಕೈಯಲ್ಲಿ ತೆಗೆದುಕೊಂಡು ಅದರ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಮಾವ ನೋಡಿ, ನನ್ನ ಸೊಸೆ ಎಷ್ಟು ಜತನ ಎಂದು ಬಂದವರ ಮುಂದೆ ಹೊಗಳುತ್ತಿದ್ದರು. ಒಂದೇ ಒಂದು ಸಡಿಲ ಬರಲಿ ಎಂದು ನಾನು ಒತ್ತುತ್ತಿದ್ದೆ. ಬಂದಿದ್ದರೆ ಪುಣೆಗೆ ಯಾರಾದರೂ ಹೋಗಬೇಕಾಗುತ್ತಿತ್ತು. ಎಷ್ಟೋ ಬೇಸಿಗೆ ಒತ್ತಿದೆ. ಅವಳು ಬಿಗಿದು ಹೋದದ್ದು ಕದಲಲಿಲ್ಲ.